ಐಸ್ ಟಾಕಿಗೆ ಇಳಿದ ಗಾಳ

ಮಾಪಣ್ಣನ ಉಡದಾರ ಹರಿದದ್ದು ಬೆಳಿಗ್ಗೆ ಎಂಟೂವರೆಗೆ. ಅದೇನೂ ದೊಡ್ಡ ಸಂಗತಿಯಲ್ಲ. ಎರಡು ವರ್ಷ ಬೆವರನ್ನೂ ಉಪ್ಪುನೀರನ್ನೂ ಕುಡಿದು ಸವೆದ ಕರಿ ದಾರ, ಹರಿಯಿತು. ಆದರೆ ಆ ದಿನ ಅದಕ್ಕೆ ಮುರುಗೆಪ್ಪ ಸಾವ್ಕಾರರ ಕೀಲಿಕೈ ಗೊಂಚಲು ಕಟ್ಟಿತ್ತು. ಮತ್ತು ಮಾಪಣ್ಣ ಆ ಗಳಿಗೆಯಲ್ಲಿ ಮರಾಠಿ ಸೀಮೆಯ ಕಲ್ಯಾಣದಲ್ಲಿ, ಸಮುದ್ರದ ನೀರು ಒಳಬರುವ ಖಾಡಿಯ ದಂಡೆಯಲ್ಲಿದ್ದ ಸಾವ್ಕಾರರ ಬರ್ಫ ಕಾರ್ಖಾನೆಯ ಟಾಕಿಯ ಮೇಲೆ ಬಗ್ಗಿ ನಿಂತಿದ್ದ.

ಟಾಕಿ ಎಂದರೆ ಅರ್ಧ ನೆಲದಲ್ಲಿ ಹುಗಿದ, ಮೇಲೆ ಮರದ ಹಲಗೆ ಮುಚ್ಚಿದ, ಎರಡು ಖೋಲಿಗಳಷ್ಟು ಅಗಲದ ಕಬ್ಬಿಣದ ತೊಟ್ಟಿ. ಅದರ ತುಂಬ ಕಡು ಉಪ್ಪುನೀರು. ಬರ್ಫಕ್ಕಿಂತ ತಣ್ಣಗಿದ್ದರೂ ಉಪ್ಪಿನ ದೆಸೆಯಿಂದ ಗಟ್ಟಿಯಾಗದ ನೀರು. ಅದರಲ್ಲಿ ಸಿಹಿನೀರು ತುಂಬಿದ ಉದ್ದುದ್ದ ತಗಡಿನ ಡಬ್ಬಗಳು ಸಾಲುಸಾಲಾಗಿ ಮುಳುಗಿ ನಿಂತಿರುತ್ತವೆ. ಒಳಗಿನ ನೀರು ಹೆಪ್ಪುಗಟ್ಟಿದ ಮೇಲೆ ಡಬ್ಬ ಎತ್ತಿ ಬರ್ಫದ ಲಾದಿ ಹೊರತೆಗೆಯುವುದು ಟಾಕಿ ಮಿಸ್ತ್ರಿಯಾದ ಮಾಪಣ್ಣನ ಕೆಲಸ. ಡಬ್ಬಕ್ಕೂ ಡಬ್ಬಕ್ಕೂ ನಡುವೆ ನಾಲ್ಕು ಬೆರಳಿನ ಸಂದು. ಇಡೀ ಟಾಕಿಯಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಗೊಂಚಲು ಆ ಸಂದಿಗೇ ಇಳಿಯಿತು.

ಸಾವ್ಕಾರರು ಲೈಸನ್ಸಿನ ಕೆಲಸಕ್ಕೆಂದು ಠಾಣೆ ಶಹರದ ಕಚೇರಿಗೆ ಹೋಗಿದ್ದರು. ಹೋಗುವ ಮೊದಲು ಗೊಂಚಲನ್ನು ಮಾಪಣ್ಣನ ಅಂಗೈಯಲ್ಲಿಟ್ಟು, ಪ್ರಸಾದ ಕೊಟ್ಟವರಂತೆ ಬೆರಳು ಮಡಚಿಸಿ, "ಐದಕ್ಕ ಬರ್ತೀನಿ. ಜ್ವಾಕಿ" ಎಂದಿದ್ದರು. ಎಂಜಿನ್ ಖೋಲಿ, ಉಪ್ಪಿನ ಗೋದಾಮು, ಗೇಟು, ಆಫೀಸಿನ ಕಪಾಟು, ಕಡೆಗೆ ಮನೆಯ ದೇವರ ಬೆಳ್ಳಿ ಸಾಮಾನಿನ ಪೆಟ್ಟಿಗೆ, ಐದರ ಕೀಲಿಯೂ ಒಂದೇ ಬಳೆಯಲ್ಲಿ. ಬೇರೆ ಬೇರೆ ಇಟ್ಟರೆ ಬೇರೆ ಬೇರೆ ದಿನ ಕಳೆಯುತ್ತವೆ ಎಂದು ಅವರ ಲೆಕ್ಕಾಚಾರ.

ಮಾಪಣ್ಣ ಚಿತ್ತಾಪುರದ ಕಡೆಯವನು. ಮೊದಲು ರೈಲ್ವೆ ಯಾರ್ಡಿನಲ್ಲಿ ಚೀಲ ಹೊರುತ್ತಿದ್ದ. ಟಾಕಿಯ ಕೆಲಸ ಸಿಕ್ಕ ಮೇಲೆಯೇ ಬೆನ್ನು ನೆಟ್ಟಗಾದದ್ದು. ಈ ಕೆಲಸವನ್ನು ನಂಬಿಯೇ ಮೂರು ತಿಂಗಳ ಹಿಂದೆ ಊರಿನಿಂದ ಹೆಂಡತಿ ಸತ್ಯಮ್ಮನನ್ನು ಕರೆತಂದು ಚಾಳಿನಲ್ಲಿ ಖೋಲಿ ಹಿಡಿದಿದ್ದ. ಈಗ ಟಾಕಿಯ ಕರಿನೀರನ್ನು ನೋಡುತ್ತ ಕುಕ್ಕರಗಾಲಲ್ಲಿ ಕೂತ.

ಆಫೀಸಿನಿಂದ ಗುಮಾಸ್ತ ವಸಂತಕುಮಾರ ಬಂದ. ತುಮಕೂರಿನವನು, ಅಂಚೆಯ ಮೂಲಕ ರೇಡಿಯೋ ರಿಪೇರಿ ಕಲಿಯುತ್ತಿದ್ದನಾದ್ದರಿಂದ ಜಗತ್ತಿನ ಎಲ್ಲ ಕೆಡುಕಿಗೂ ಅವನ ಬಳಿ ಒಂದು ಉಪಾಯವಿರುತ್ತಿತ್ತು.

"ಟಾಕಿ ಖಾಲಿ ಮಾಡಿದ್ರ ಹ್ಯಾಂಗ್ರೀ?" ಎಂದ ಮಾಪಣ್ಣ.

"ಮೂರು ದಿನ ಐಸ್ ಇರಲ್ಲ. ಉಪ್ಪೆಲ್ಲ ಮೋರಿಗೆ ಹೋಗುತ್ತೆ. ಅದರ ಹಿಂದೆ ನಾವಿಬ್ಬರೂ ಹೋಗ್ತೀವಿ" ಎಂದ ವಸಂತಕುಮಾರ. "ಬೇಡ. ಮ್ಯಾಗ್ನೆಟ್ ಬಿಡೋಣ."

ಅವನು ಹಳೆ ಸ್ಪೀಕರಿನಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತ ತಂದ. ಗೋಣಿ ಹೊಲಿಯುವ ಸುತಲಿಗೆ ಅದನ್ನು ಕಟ್ಟಿ, ಮಾಪಣ್ಣ ಉಸಿರು ಬಿಗಿಹಿಡಿದು ಸಂದಿಗೆ ಇಳಿಬಿಟ್ಟ. ಮೊಳದಷ್ಟು ಇಳಿದದ್ದೇ ತಡ, ಟಕ್ಕೆಂದು ಅಂಟಿತು. ಇಬ್ಬರ ಮುಖವೂ ಅರಳಿತು. ಎಳೆದರೆ ಬರಲೊಲ್ಲದು. ಡಬ್ಬಗಳು ಕೂಡ ಕಬ್ಬಿಣದ ತಗಡಿನವು ಎಂಬುದು ಅಂಚೆಯ ಪಾಠದಲ್ಲಿ ಇರಲಿಲ್ಲ. ಅಯಸ್ಕಾಂತ ತವರಿಗೆ ಬಂದ ಮಗಳ ಹಾಗೆ ಡಬ್ಬವನ್ನು ಅಪ್ಪಿಕೊಂಡಿತ್ತು. ಜಗ್ಗಿದಾಗ ಸುತಲಿ ಡಬ್ಬದ ಅಂಚಿಗೆ ಉಜ್ಜಿ ಕತ್ತರಿಸಿಹೋಯಿತು. ಈಗ ಟಾಕಿಯಲ್ಲಿ ಕಳೆದ ವಸ್ತು ಎರಡಾದವು.

ಅಷ್ಟರಲ್ಲಿ ದಿನದ ಎರಡು ಲಾದಿ ಒಯ್ಯಲು ರತ್ನಾಬಾಯಿ ಬಂದಳು. ಖಾಡಿ ದಂಡೆಯ, ಕೋಳಿ ಎಂಬ ಬೆಸ್ತರ ಜಾತಿಯ ಹೆಂಗಸು, ಬಜಾರಿನಲ್ಲಿ ಮೀನು ಮಾರುವವಳು. ಅವಳದು ಮರಾಠಿ, ಯಾರ್ಡಿನಲ್ಲಿ ದುಡಿದ ಮಾಪಣ್ಣನಿಗೆ ಅದು ತಿಳಿಯುತ್ತಿತ್ತು.

"ಹೇ ಕಾಯ್ ಲಾವ್ಲಂಯ್, ಮಾಪಣ್ಣಾ?" ಇದೇನು ನಡೆಸಿದ್ದೀ ಎಂದು ಕೇಳುತ್ತ ಬುಟ್ಟಿ ಇಳಿಸಿದಳು. ಸಂಗತಿ ಕೇಳಿದ ಮೇಲೆ ನಗಲಿಲ್ಲ. ವೈದ್ಯರ ಹಾಗೆ ತುಂಡು ಸುತಲಿಯನ್ನು ಬೆರಳಲ್ಲಿ ತಿಕ್ಕಿ ನೋಡಿದಳು. "ಹಲ್ಲಿರುವ ಮೀನಿಗೆ ದಾರ ಕಟ್ಟಬಾರದು, ಕಡಿದು ಹಾಕುತ್ತದೆ. ತಂತಿ ಕಟ್ಟಬೇಕು. ನಿನ್ನ ಡಬ್ಬಕ್ಕೂ ಹಲ್ಲಿದೆ."

ಮಾತು ಖರೆ ಅನ್ನಿಸಿತು. ಊರಲ್ಲಿ ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಮಾಪಣ್ಣನಿಗೆ ನೆನಪಾಯಿತು. ಆದರೆ ನಾಲ್ಕು ಬೆರಳಿನ ಸಂದಿಗೆ ಅದೆಲ್ಲಿ ಹಿಡಿದೀತು? ರತ್ನಾಬಾಯಿಯೇ ಒಂದು ಮೀನಿನ ಗಾಳ ಕೊಟ್ಟಳು. ವಸಂತಕುಮಾರ ಸೈಕಲ್ ಅಂಗಡಿಯಿಂದ ಉಕ್ಕಿನ ತಂತಿ ತಂದ. ತಂತಿ ಹರಿಯಲಿಲ್ಲ, ನಿಜ. ಆದರೆ ಅದು ಸುರುಳಿ ಬಿಚ್ಚಿದ ಹಾವಿನಂತೆ ತನಗೆ ಬೇಕಾದ ಕಡೆಗೆ ತಿರುಗುತ್ತಿತ್ತು. ತುದಿಗೆ ತಾಗಿದ್ದು ಕೀಲಿಯೋ, ಡಬ್ಬವೋ, ಟಾಕಿಯ ತಳವೋ, ಕೈಗೆ ಗೊತ್ತೇ ಆಗುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳ ಏನನ್ನೋ ಕಚ್ಚಿತು. ಮಾಪಣ್ಣ ಮೈಯೆಲ್ಲ ಬಲ ಹಾಕಿ ಜಗ್ಗಿದ. ಕಚ್ಚಿದ್ದು ಡಬ್ಬದ ಕಿವಿ. ಅದು ತಟ್ಟನೆ ಬಿಟ್ಟುಕೊಂಡಾಗ ಅವನು ಮುಗ್ಗರಿಸಿದ. ಬಲಗೈ ಭುಜದ ತನಕ ಉಪ್ಪುನೀರಿಗೆ ಹೋಯಿತು. ಹೊರತೆಗೆದಾಗ ಕೈ ಗಜ್ಜರಿಯ ಬಣ್ಣಕ್ಕೆ ಬಂದಿತ್ತು ಮತ್ತು ಅದು ತನ್ನದೆಂದು ಅವನಿಗೆ ಅನ್ನಿಸಲಿಲ್ಲ.

ರತ್ನಾಬಾಯಿ ತನ್ನ ಸೆರಗಿನಿಂದ ಅದನ್ನು ಒರೆಸಿ ಉಜ್ಜಿದಳು. "ಇದು ನಮ್ಮ ಕೆಲಸವಲ್ಲ" ಎಂದು ಒಪ್ಪಿಕೊಂಡಳು. "ಗೇಟಿನ ಹೊರಗೆ ಗೋಳಾ ಮಾರುವವನನ್ನು ಕರೆ. ಅವನು ಕಡಲಿನವನು."

ಮಾಪಣ್ಣ ತಲೆ ತಗ್ಗಿಸಿದ. ಹೆರೆದ ಬರ್ಫಕ್ಕೆ ಬಣ್ಣದ ಪಾನಕ ಸುರಿದು ಗೋಳಾ ಮಾರುವ ಮುಂಡಪ್ಪ ಮೂಲ್ಕಿಯ ಕಡೆಯವನು. ಎರಡು ವರ್ಷದ ಹಿಂದೆ ಈ ಟಾಕಿಯ ಮಿಸ್ತ್ರಿ ಅವನೇ. ಸಾವ್ಕಾರರು ಒಂದು ದಿನ ಕಳವಿನ ಮಾತೆತ್ತಿ ಅವನನ್ನು ಹೊರಹಾಕಿದ್ದರು. ಏನು ಕಳವಾಯಿತೆಂದು ಮಾಪಣ್ಣ ಕೇಳಿರಲಿಲ್ಲ. ಕೆಲಸ ಸಿಕ್ಕವನಿಗೆ ಅದನ್ನೆಲ್ಲ ಕೇಳುವ ಧೈರ್ಯ ಎಲ್ಲಿಂದ ಬರಬೇಕು? ದಿನಾ ಗೇಟು ದಾಟುವಾಗ ಆ ಕೈಗಾಡಿಯ ಕಡೆ ನೋಡದಂತೆ ಹಾದುಹೋಗುತ್ತಿದ್ದ.

ಇವತ್ತು ನೋಡಬೇಕಾಯಿತು. "ಅಣ್ಣಾ, ಕೀಲಿಕೈ ಟಾಕ್ಯಾಗ ಬಿದ್ದಾವ. ಸಾವ್ಕಾರ್ರು ಐದಕ್ಕ ಬರ್ತಾರ" ಎಂದ.

ಮುಂಡಪ್ಪ ಬರ್ಫ ಹೆರೆಯುವುದನ್ನು ನಿಲ್ಲಿಸಿ ಅವನ ಕೆಂಪು ಕೈಯನ್ನೇ ನೋಡಿದ. ಆಮೇಲೆ ಗಾಡಿಯ ಕೆಳಗಿನ ಹಲಗೆಯಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದ. ಅದರಲ್ಲಿ ಸುತ್ತಿಟ್ಟ ಹಗ್ಗ. ಮೇಲಿನ ಭಾಗ ಹತ್ತಿಯದು, ತುದಿಯ ಎರಡು ಗಜದಷ್ಟು ಉದ್ದಕ್ಕೆ ದಪ್ಪ ನೈಲಾನ್ ದಾರ, ಅದರ ಕೊನೆಗೆ ಮೂರು ಕೊಂಡಿಯ ಸಣ್ಣ ಗಾಳ. ಎಲ್ಲ ಕಟ್ಟಿ ತಯಾರಾಗಿತ್ತು.

"ನಡಿ" ಎಂದ.

ಟಾಕಿಯ ಮೆಟ್ಟಿಲವರೆಗೆ ಬಂದು ನಿಂತುಬಿಟ್ಟ. "ನಾನು ಮೇಲೆ ಹತ್ತುವುದಿಲ್ಲ ಮಾರಾಯ. ಹತ್ತಬಾರದು ಅಂತ ನಿನ್ನ ಸಾವ್ಕಾರರು ಹೇಳಿದ್ದುಂಟು. ದಾರ ನೀನೇ ಹಿಡಿ, ನಾನು ಇಲ್ಲಿಂದ ಹೇಳ್ತೇನೆ."

"ಬರೇ ನೈಲಾನ್ ಯಾಕೆ ಕಟ್ಟಲಿಲ್ಲ ನೀವು? ಇಲ್ಲಾ ಬರೇ ಹತ್ತಿ?" ಎಂದು ಕೇಳಿದ ವಸಂತಕುಮಾರ.

"ಮೇಲೆ ಹತ್ತಿ ಇದ್ದರೆ ಮರಗಟ್ಟಿದ ಕೈಯಿಂದ ಜಾರುವುದಿಲ್ಲ. ಗಾಳದ ಹತ್ತಿರದ ದಾರದ್ದೇ ಕಷ್ಟ. ಹತ್ತಿ ನೀರು ಕುಡಿದು ಹರಿಯುತ್ತದೆ, ತಂತಿಗೆ ಜೀವ ಇಲ್ಲ. ಇದಕ್ಕೆ ನಮ್ಮಲ್ಲಿ ತಂಗೂಸು ಅಂತೇವೆ. ಡಬ್ಬದ ಅಂಚಿನಲ್ಲಿ ಜಾರಿಕೊಂಡು ಹೋಗ್ತದೆ. ಚಳಿಗೆ ಕಡ್ಡಿಯ ಹಾಗೆ ಸೆಟೆಯುತ್ತದೆ. ಕಡಲಲ್ಲಾದರೆ ಅದು ದೋಷ. ಈ ಟಾಕಿಯಲ್ಲಿ ಅದೇ ಬೇಕು, ಬಿಟ್ಟಲ್ಲಿಗೆ ನೇರ ಇಳೀತದೆ. ತೆಳು ದಾರ ಆದರೆ ಮಡಚಿಕೊಳ್ತದೆ, ಇನ್ನೂ ದಪ್ಪ ಆದರೆ ತಾಗಿದ್ದು ಕೈಗೆ ಗೊತ್ತಾಗುವುದಿಲ್ಲ. ಉಪ್ಪು ಹಾಕಿದ ಬರ್ಫದ ನೀರಲ್ಲಿ ಮೂರು ನಮೂನೆ ಅದ್ದಿ ನೋಡಿ ಇದನ್ನು ಕಟ್ಟಿದ್ದು."

ಯಾವಾಗ, ಯಾತಕ್ಕೆ ಎಂದು ಕೇಳಲು ಮಾಪಣ್ಣನಿಗೆ ಪುರುಸೊತ್ತಿರಲಿಲ್ಲ. ಸಂದಿಗೆ ಗಾಳ ಬಿಟ್ಟ. ದಾರ ಕೋಲಿನಂತೆ ನೆಟ್ಟಗೆ ಇಳಿಯಿತು. ಹತ್ತಿಯೂ ನೈಲಾನೂ ಕೂಡುವ ಗಂಟು ನೀರಿಗೆ ತಾಗುವಷ್ಟರಲ್ಲಿ ಸರಿಯಾಗಿ ಗಾಳ ತಳ ಮುಟ್ಟಿತು, ಈ ಟಾಕಿಗೇ ಅಳೆದು ಕಟ್ಟಿದ ಹಾಗೆ.

"ಜಗ್ಗಬೇಡ. ಗುಡಿಸು" ಎಂದ ಮುಂಡಪ್ಪ. "ತಗಡಾದರೆ ಟಣ್ ಅಂತದೆ. ಕೀಲಿಯಾದರೆ ಕೆರೆದ ಹಾಗೆ."

ಮಾಪಣ್ಣ ಗುಡಿಸಿದ. ಬಿದ್ದ ಸಂದಿಯಲ್ಲಿ ಗೊಂಚಲು ಇರಲಿಲ್ಲ, ನೀರಿನ ಸೆಳೆತಕ್ಕೆ ಸರಿದಿರಬೇಕು; ಒಂದು ಸಾಲು, ಎರಡನೆಯ ಸಾಲು. ಮೊದಲ ಬಾರಿಗೆ ಅವನ ಬೆರಳಿಗೆ ಟಾಕಿಯ ತಳ ಕಾಣಿಸತೊಡಗಿತು. ನಾಲ್ಕೂಕಾಲಿಗೆ ದಾರ ಮೆಲ್ಲಗೆ ಕೆರೆಯಿತು. ಮೊಳ ಮೊಳವಾಗಿ ಮೇಲೆತ್ತಿದ. ಕೊಂಡಿಗೆ ಒಂದು ಬಳೆ ಸಿಕ್ಕಿತ್ತು, ಬಳೆಯಲ್ಲಿ ಕೀಲಿಗಳು. ನೀರಿನ ಮೇಲೆ ಬಂದ ಕೂಡಲೇ ಅವನು ಬಗ್ಗಿ ನೋಡಿದ.

ಅದು ಅವನ ಗೊಂಚಲಲ್ಲ. ಉಪ್ಪು ತಿಂದು ಅರ್ಧವಾದ ನಾಲ್ಕು ಕಬ್ಬಿಣದ ಕೀಲಿಗಳು, ಹಸಿರುಗಟ್ಟಿದ ಒಂದು ಹಿತ್ತಾಳೆಯ ಕೀಲಿ.

ಮಾಪಣ್ಣ ಕೆಳಗೆ ನೋಡಿದ. ಮುಂಡಪ್ಪ ಮೆಟ್ಟಿಲ ಕಂಬ ಹಿಡಿದುಕೊಂಡಿದ್ದ.

"ಕೀಲಿ ಟಾಕಿಯಲ್ಲಿ ಬಿದ್ದದ್ದು ಅಂತ ಅವತ್ತೇ ಹೇಳಿದೆ" ಎಂದ ಅವನು ಮೆಲ್ಲಗೆ. "ಗಾಳ ಕಟ್ಟಿಕೊಂಡೂ ಬಂದೆ. ಕಳ್ಳರೆಲ್ಲ ಟಾಕಿಯನ್ನೇ ತೋರಿಸ್ತಾರೆ ಅಂದರು ಸಾವ್ಕಾರರು. ಇಳಿಸಲಿಕ್ಕೆ ಬಿಡಲಿಲ್ಲ."

ಮಾಪಣ್ಣನಿಗೆ ಎಲ್ಲ ತಿಳಿಯಿತು; ಈ ಗೊಂಚಲು ಸಾವ್ಕಾರರ ಕಣ್ಣಿಗೆ ಬಿದ್ದರೆ ಟಾಕಿಯ ಕೆಲಸ ಯಾರದಾಗುತ್ತದೆ ಎಂಬುದೂ ತಿಳಿಯಿತು. ವಸಂತಕುಮಾರ ಆಚೆಗೆ ತಿರುಗಿ ಗಡಿಯಾರ ನೋಡುತ್ತಿದ್ದ. ರತ್ನಾಬಾಯಿ ತನ್ನ ಬುಟ್ಟಿಯ ಬಳಿ ಇದ್ದಳು. ದಾರವನ್ನು ತುಸು ಸಡಿಲ ಬಿಟ್ಟರೆ ಸಾಕು, ಬಳೆ ಜಾರಿ ತನ್ನ ಜಾಗಕ್ಕೆ ಹೋಗುತ್ತಿತ್ತು. ಚಾಳಿನ ಖೋಲಿ ಕಣ್ಣ ಮುಂದೆ ಬಂತು. ಅದರ ಬಾಗಿಲಿಗೆ ಸತ್ಯಮ್ಮ ಹೊಲಿದು ಕಟ್ಟಿದ ಹೂವಿನ ಪರದೆ ಬಂತು. ಮುಂಡಪ್ಪ ಏನೂ ಬೇಡಲಿಲ್ಲ. ನೆಲ ನೋಡುತ್ತ, "ದಾರ ನಿನ್ನ ಕೈಯಲ್ಲಿ ಉಂಟು" ಎಂದ, ಅಷ್ಟೆ.

ಮಾಪಣ್ಣ ಗೊಂಚಲನ್ನು ಎತ್ತಿ ಒಣ ಹಲಗೆಯ ಮೇಲಿಟ್ಟ. ಇನ್ನೊಮ್ಮೆ ಮನಸ್ಸು ಬದಲಾಗದಿರಲೆಂದು ಟಾಕಿಯಿಂದ ದೂರ ಸರಿಸಿದ.

ಸಾವ್ಕಾರರು ಅರ್ಧ ಗಂಟೆ ಮೊದಲೇ ಬಂದರು. ಟಾಕಿಯ ಮೇಲಿಂದ ಎತ್ತಿಟ್ಟ ಹಲಗೆಗಳನ್ನೂ, ಟಾಕಿಯ ಬಳಿ ನಿಂತ ಮೀನಿನವಳನ್ನೂ, ಕಾಲಿಡಬಾರದೆಂದು ಹೇಳಿದ್ದ ಮನುಷ್ಯನನ್ನೂ ಒಂದೊಂದಾಗಿ ನೋಡಿದರು. ಕೊನೆಗೆ ಗೊಂಚಲನ್ನು ನೋಡಿದರು. ಕೈಗೆತ್ತಿಕೊಂಡು, ಹಿತ್ತಾಳೆ ಕೀಲಿಯನ್ನು ಧೋತರದ ಅಂಚಿಗೆ ತಿಕ್ಕಿದರು. ಅವರ ಮುಖದ ಬಿಗಿ ಇಳಿಯಿತು. ಉಪ್ಪಿನ ಚೀಲದ ಮೇಲೆ ಕೂತರು.

"ಮುಂಡಪ್ಪಾ, ತಪ್ಪಾತು" ಎಂದರು. ಅವರ ಬಾಯಿಂದ ಆ ಮಾತನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ. "ಎರಡು ವರ್ಷ ನಿನ್ನ ಕಳ್ಳ ಅಂದೆ. ನಾಳಿಂದ ಟಾಕಿ ನಿಂದು."

ಮುಂಡಪ್ಪ ಕಣ್ಣೊರೆಸಿಕೊಂಡ. ರತ್ನಾಬಾಯಿಯೂ ಒರೆಸಿಕೊಂಡಳು. ತಾನೊಂದು ಒಳ್ಳೆಯ ಕೆಲಸ ಮಾಡಿದೆ, ಸಾವ್ಕಾರರ ಮನಸ್ಸು ಕರಗಿದೆ ಎಂದು ಮಾಪಣ್ಣನಿಗೆ ಧೈರ್ಯ ಬಂತು.

"ಸಾವ್ಕಾರ್, ಇವತ್ತಿನ ಗೊಂಚಲನೂ ಅಲ್ಲೇ ಬಿದ್ದದ್ರಿ. ಇನ್ನ ಎರಡು ಸಾಲು ಗುಡಿಸಿದ್ರ ಸಿಕ್ಕೇ ಸಿಗತದ."

"ಅಂದ್ರ ಹೊಸಾವೂ ಹೋದ್ವು?" ಸಾವ್ಕಾರರು ಎದ್ದು ನಿಂತರು. "ಟಾಕ್ಯಾಗ ಬಿದ್ದದ್ದು ಯಾರು ನೋಡ್ಯಾರ?"

"ಮುಂಡಪ್ಪಣ್ಣಂದೂ ಟಾಕ್ಯಾಗೇ ಬಿದ್ದಿತ್ತಲ್ರಿ."

"ಅವನ್ವು ಸಿಕ್ವು. ಅದಕ್ಕ ಅಂವ ಖರೇ ಮನಶ್ಯಾ" ಎಂದರು ಸಾವ್ಕಾರರು ಶಾಂತವಾಗಿ. "ನಿನ್ವು ಎಲ್ಲಿ ಸಿಕ್ಕಾವ? ಒಂದು ದಿನದ ಬರ್ಫ ಹಾಳಾದ್ದು ಸಾಕು. ಹಲಗಿ ಮುಚ್ಚಿರಿ. ಮಾಪಣ್ಣಾ, ನೀ ನಾಳಿಂದ ಬರಬ್ಯಾಡ."

ಮುಂಡಪ್ಪ ಬಾಯಿ ತೆರೆದ. "ಸಾವ್ಕಾರ್ರೇ, ಒಂದು ಗಳಿಗೆ ಬಿಡಿ..." ಆದರೆ ಸಾವ್ಕಾರರು ಅವನ ಕಡೆ ತಿರುಗಿದ ರೀತಿಯಲ್ಲಿ ಹಳೆಯದೇನೋ ಕಂಡು, ಎರಡು ವರ್ಷ ಬಿಸಿಲಲ್ಲಿ ನಿಂತಿದ್ದ ಮನುಷ್ಯ ಮಾತು ನುಂಗಿಕೊಂಡ. ಹೋಗಿ ಹಲಗೆ ಮುಚ್ಚತೊಡಗಿದ.

ಗೇಟಿನ ಬಳಿ ಅವನು ಓಡಿಬಂದು ಮಾಪಣ್ಣನನ್ನು ಹಿಡಿದು ನಿಲ್ಲಿಸಿದ. "ದಿನಾ ಒಂದೊಂದು ಸಾಲು ನಾನು ಗುಡಿಸ್ತೇನೆ, ಅವರಿಗೆ ಗೊತ್ತಾಗದ ಹಾಗೆ. ಸಿಗ್ತದೆ ಮಾರಾಯ. ಅಲ್ಲಿವರೆಗೆ ಗಾಡಿ ತೆಗೆದುಕೊಂಡು ಹೋಗು. ಕಾಲಾಖಟ್ಟಾ ಪಾನಕದ ಬಾಟ್ಲಿ ಇವತ್ತೇ ತುಂಬಿಸಿದ್ದು. ಮೂರು ಗಂಟೆಗೆ ಶಾಲೆ ಬಿಡ್ತದೆ, ಆಗ ಅದರ ಎದುರಿನ ಆಲದ ಮರದ ಹತ್ತಿರ ನಿಲ್ಲು."

ಸಂಜೆ ಬೆಳಕಿರುವಾಗಲೇ ಕೈಗಾಡಿ ಚಾಳಿನ ಅಂಗಳಕ್ಕೆ ಬಂತು. ಸತ್ಯಮ್ಮ ಪರದೆ ಸರಿಸಿ ಹೊರಬಂದು, ಗಾಡಿಯ ಮೇಲೆ ಸಾಲಾಗಿ ನಿಂತ ಬಣ್ಣದ ಬಾಟಲಿಗಳನ್ನೂ ಗಂಡನ ಕೆಂಪು ಕೈಯನ್ನೂ ನೋಡಿದಳು.

"ಇದೇನ್ರಿ? ಬರ್ಫದ ಕೆಲಸಾ ಹೋಯ್ತೇನು?"

ಮಾಪಣ್ಣ ಗಾಡಿಯ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ.

"ಇಲ್ಲ" ಎಂದ. "ಬರ್ಫದ್ದೇ. ಗೇಟಿನ ಹೊರಗ ಹಾಕ್ಯಾರ."