ಬಾಗಿಲ ಮರೆಯ ಗ್ರಾಹಕಿ

ವರಮಹಾಲಕ್ಷ್ಮಿ ಹಬ್ಬದೊಳಗೆ ಅಂಗಡಿಯ ಸೀರೆಗಳನ್ನೆಲ್ಲ ಫೋನಿನಲ್ಲೇ ಮಾರಿ ಮುಗಿಸುವುದಾಗಿ ದೊಡ್ಡಬಳ್ಳಾಪುರದ ರವಿಶಂಕರ್ ಊಟದ ತಟ್ಟೆಯ ಮುಂದೆ ಘೋಷಿಸಿದ. ಮನೆಯಲ್ಲಿದ್ದದ್ದು ಮೂರು ಮಗ್ಗ. ನಾಲ್ಕನೆಯದು ತನ್ನ ನಾಲಿಗೆಯೆಂಬುದು ಅವನ ದೃಢನಂಬಿಕೆ!

"ಒಪ್ಪಿಗೆ ಇಲ್ದೆ ಕಂಡೋರಿಗೆಲ್ಲ ಫೋನ್ ಮಾಡಿ ಮಾರೋ ಹಂಗಿಲ್ಲ ಕಣ್ರೀ," ಎಂದಳು ಹೆಂಡತಿ ವಾಣಿ. "ಅದಕ್ಕೆ ನೋಂದಣಿ ಆಗ್ಬೇಕು, ಬೇರೆ ನಂಬರೇ ತಗೋಬೇಕಂತೆ."

"ಅದೆಲ್ಲ ದೊಡ್ಡ ಕಂಪನಿಗಳಿಗೆ ಕಣೇ. ನಾನು ಸುಮ್ನೆ ವಿಚಾರಿಸ್ಕೊಳ್ತೀನಿ ಅಷ್ಟೆ."

ವಾಣಿಯ ತವರಾದ, ಪಕ್ಕದ ತಾಲೂಕಿನ ವಿಜಯಪುರದ ಭಜನೆ ಮಂಡಳಿಯ ಕರಪತ್ರವೊಂದು ಮನೆಯಲ್ಲಿತ್ತು. ಅದರಡಿ 'ಸಂಪರ್ಕಿಸಿ' ಎಂದು ಅಚ್ಚಾಗಿದ್ದ ನಂಬರುಗಳಿಗೆಲ್ಲ ಅವನು ಅಂಗಡಿಯ ಫೋನಿನಿಂದಲೇ ಸಂಪರ್ಕಿಸಿದ. ಹಲವರು ನಡುವೆಯೇ ಫೋನ್ ಇಟ್ಟುಬಿಟ್ಟರು. ಒಬ್ಬಾಕೆ ಮಾತ್ರ ಇಡಲಿಲ್ಲ.

"ತಾಯೀ, ಪ್ರತಿಷ್ಠಿತ ರೇಷ್ಮೆ ಸಂಸ್ಥೆಯಿಂದ ನಿವೇದಿಸಿಕೊಳ್ಳುತ್ತಿದ್ದೇನೆ. ಮುಟ್ಟಿದರೆ ಬೆಣ್ಣೆ, ಉಟ್ಟರೆ ಬೆಳದಿಂಗಳು!"

"ಸೆರಗು ಯಾವ ಬಣ್ಣ ಐತಪ್ಪಾ?"

"ನವಿಲಿನ ಕೊರಳು, ತಾಯಿ."

"ನನ್ನ ನಂಬರ್ ಯಾರು ಕೊಟ್ರು? ಫೋನ್ ಮಾಡು ಅಂತ ನಾನು ಅಂದಿದ್ನಾ?"

"ಒಳ್ಳೆ ಗ್ರಾಹಕರನ್ನ ದೇವರೇ ತೋರಿಸ್ತಾನೆ."

"ಸರಿ ಬಿಡು. ಎಲ್ಲಿ ತಿಳಿಸ್ಬೇಕೋ ಅಲ್ಲಿ ತಿಳಿಸ್ತೀನಿ."

"ಎಂಥ ಗ್ರಾಹಕಿ!" ಎಂದು ರವಿಶಂಕರ್ ಹೆಂಡತಿಯ ಮುಂದೆ ಕೊಂಡಾಡಿದ. "ಊರಿಗೆಲ್ಲ ತಿಳಿಸ್ತಾರಂತೆ."

ಎರಡು ದಿನ ಕಳೆಯುವಷ್ಟರಲ್ಲಿ ಫೋನಿನಿಂದ ಕರೆ ಹೋಗುವುದೇ ನಿಂತಿತು. ದೂರುಗಳು ಬಂದಿವೆ, ಹದಿನೈದು ದಿನ ಹೊರಕರೆ ಬಂದ್ ಎಂಬ ಸಂದೇಶ ಬಂತು. ತಾವಾಗಿಯೇ ಸೀರೆ ಕೇಳಿದ್ದ ಹಳೆಯ ಗಿರಾಕಿಗಳಿಗೂ ಫೋನ್ ಮಾಡುವಂತಿಲ್ಲ. ಹಬ್ಬ ಬಾಗಿಲಲ್ಲಿ, ಸೀರೆ ಬೀರುವಿನಲ್ಲಿ.

ಅಂದು ಸಂಜೆ ವಿಜಯಪುರದಿಂದ ಅತ್ತೆ ರುಕ್ಮಿಣಮ್ಮ ಬಂದರು. ಅತ್ತೆಯಾದವರು ಅಳಿಯನೊಡನೆ ನೇರವಾಗಿ ಮಾತಾಡುವ ಪದ್ಧತಿ ಆ ಮನೆತನದಲ್ಲಿ ಇಲ್ಲ. ಮದುವೆಯಾದಂದಿನಿಂದ ಅವರು ಹೇಳುವುದೆಲ್ಲ ಅಡುಗೆಮನೆಯ ಬಾಗಿಲ ಮರೆಯಿಂದ, ಅದೂ ವಾಣಿಗೆ ಮೆಲ್ಲನೆ; ಅವರಿದ್ದಾಗ ರವಿಶಂಕರನೂ ಬಾಯಿ ಬಿಚ್ಚುವವನಲ್ಲ. ಒಬ್ಬರ ಫೋನ್ ನಂಬರ್ ಇನ್ನೊಬ್ಬರಿಗೆ ಬೇಕಾದ ಪ್ರಸಂಗವೇ ಬಂದಿರಲಿಲ್ಲ.

"ಯಾವನೋ ಸೀರೆಯೋನು ಮಂಡಳಿಯೋರ ಪ್ರಾಣ ತಿಂದ ಕಣೇ ವಾಣಿ," ಎಂದಿತು ಬಾಗಿಲ ಮರೆ. "ಪೂರ್ತಿ ಮಾತಾಡಿಸಿ ವಿವರ ತಗೊಂಡೆ. ಆಮೇಲೆ ಎಲ್ರನ್ನೂ ಕೂರಿಸ್ಕೊಂಡು, ಬೇಡದ ಫೋನ್ ಬಂದ್ರೆ ತಿಳಿಸೋ ನಂಬರ್ ಐತಲ್ಲ, ಆ 1909ಕ್ಕೆ ದೂರು ಕೊಡಿಸ್ದೆ."

ಹಜಾರದಲ್ಲಿ ಕುಳಿತಿದ್ದ ರವಿಶಂಕರ್ ಅಂಗಡಿಯ ಫೋನನ್ನು ಮೆಲ್ಲನೆ ಜೇಬಿಗಿಳಿಸಿದ. ಆದರೂ ಎದೆಯೊಳಗೆ ಮೆಚ್ಚುಗೆ ಉಕ್ಕಿತು: ಏನು ವ್ಯವಸ್ಥೆ, ಏನು ಸಂಘಟನೆ! ವಾಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗು ತಡೆದಳು.

"ಆದ್ರೂ ಒಂದು ಹೇಳ್ತೀನಿ," ಎಂದರು ಅತ್ತೆ, ದನಿ ಇನ್ನಷ್ಟು ತಗ್ಗಿಸಿ. "ಆ ಹಾಳಾದೋನು ಮಾತು ಎಷ್ಟು ಚೆಂದ ಆಡ್ತಿದ್ದ ಅಂತೀಯ! ಅದ್ರಲ್ಲಿ ಅರ್ಧ ನಮ್ಮ ಅಳಿಯಂದ್ರಿಗೆ ಬಂದಿದ್ರೆ, ಬೀರು ಈಪಾಟಿ ತುಂಬ್ಕೊಂಡಿರ್ತಿರ್ಲಿಲ್ಲ."