ತಿಕೋಟಾದ ಟ್ಯಾಂಕಿಗೆ ಹಿಮದ ಸುಣ್ಣ

ಇಡೀ ವಿಜಯಪುರ ಜಿಲ್ಲೆಯಲ್ಲಿ ಹಳೇ ಜರ್ಮನ್ ಯುದ್ಧಟ್ಯಾಂಕಿನ ಮಾದರಿಗೆ ಚಳಿಗಾಲದ ಬಣ್ಣ ಸರಿಯಾಗಿ ಬಳಿಯಬಲ್ಲವನು ನಾನೊಬ್ಬನೇ. ಇನ್ನೊಬ್ಬನಿದ್ದರೆ ತೋರಿಸಿರಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಗೇಣುದ್ದದ ಪ್ಲಾಸ್ಟಿಕ್ ಟ್ಯಾಂಕು, ತಿಕೋಟಾದ ಬಿಸಿಲು, ನಾನು, ಮೂವರೂ ಕೂಡಿದರೆ ಏನಾದರೊಂದು ಆಗಿಯೇ ತೀರುತ್ತದೆ.

ಆದರೆ ಹಿಮವನ್ನು ಮಾತ್ರ ನಾನು ಕಂಡಿಲ್ಲ. ಮದುವೆಯಾದಾಗಿನಿಂದ ಹೆಂಡತಿಗೆ ತೋರಿಸುತ್ತೇನೆ ಅನ್ನುತ್ತಲೇ ಇದ್ದೇನೆ. ಕಾಶ್ಮೀರದಲ್ಲಿ ಹಿಮ ಬೀಳುವ ಹೊತ್ತಿಗೇ ಇಲ್ಲಿ ನಮ್ಮ ದ್ರಾಕ್ಷಿ ಕಾಯಿ ಹಿಡಿಯುತ್ತದೆ. ತೋಟ ಬಿಟ್ಟು ಕದಲುವುದೆಲ್ಲಿ?

ರೋಗ

ಆ ಜರ್ಮನ್ ಸೈನಿಕರು ರಷ್ಯಾದ ಹಿಮದಲ್ಲಿ ಕಾಣಬಾರದೆಂದು ಬೂದು ಬಣ್ಣದ ಟ್ಯಾಂಕಿನ ಮೇಲೆ ಸುಣ್ಣದಂಥ ಬಿಳಿಯನ್ನು ಅವಸರದಲ್ಲಿ ಬಳಿಯುತ್ತಿದ್ದರು. ಅದು ಅಲ್ಲಲ್ಲಿ ಉದುರಿ ಒಳಗಿನ ಬೂದು ಕಂಡರೇನೇ ಇತಿಹಾಸಕ್ಕೆ ಸರಿ. ನಾನೂ ಉಗುರಿನಿಂದ ಕೆರೆದು ಕೆರೆದು ಉದುರಿಸಿದೆ. ಅಷ್ಟರಲ್ಲಿ ಬಬಲೇಶ್ವರದ ಬೀಗರು ಬಂದರು. ಅವರದೂ ದ್ರಾಕ್ಷಿ ತೋಟ.

"ಬೀಗರ, ದ್ರಾಕ್ಷಿ ಬಳ್ಳಿಗೆ ಹೊಡದಂಗ ಇದಕ್ಕೂ ಸುಣ್ಣ, ಮೈಲುತುತ್ತದ ಔಷಧ ಹೊಡದೀರೇನ್ರಿ?"

"ಅದು ಹಿಮದ ಬಣ್ಣರೀ!"

"ಏನರ ಇರ್ಲಿ. ಅಡಿಯಾಗ ಔಷಧ ಕುಂತಿಲ್ಲ. ಇನ್ನೊಮ್ಮೆ ಹೊಡೀರಿ, ಇಲ್ಲಾಂದ್ರ ರೋಗ ಬಾಜೂದವ್ಕೂ ಹತ್ತತೈತಿ."

ಹಬ್ಬ

ದಸರಾಕ್ಕೆ ಹೆಂಡತಿ ಮನೆಗೆ ಸುಣ್ಣ ಹಚ್ಚಿಸುತ್ತಿದ್ದಳು. ನಾನು ಸಿದ್ಧೇಶ್ವರ ಗುಡಿ ಕಡೆ ಸಂತೆ ಮುಗಿಸಿ ಬರುವಷ್ಟರಲ್ಲಿ ಟ್ಯಾಂಕು ಫಳಫಳ. ಉದುರಿದ ಕಡೆಯಲ್ಲೆಲ್ಲ ಸುಣ್ಣ, ಕೆಳಗೆ ಗೋಡೆಗಿದ್ದಂತೆ ಕೆಮ್ಮಣ್ಣಿನ ಪಟ್ಟಿ, ತೋಪಿನ ತುದಿಗೆ ಕುಂಕುಮ.

"ಏನ ಮಾಡಿದಿ ಇದು! ರಷ್ಯಾದಾಗ ಕೆಮ್ಮಣ್ಣ ಎಲ್ಲಿಂದ ಬರಬೇಕ?"

"ಹಬ್ಬದಾಗ ಮನಿಯಾಗಿನ ಗಾಡಿ ಹಂಗ ಸುಣ್ಣ ಉದುರಿ ನಿಂತ್ರ ಮಂದಿ ಏನಂದಾರು? ಆ ಸೈನಿಕರಿಗೇನ ಹೇಣ್ತ್ಯಾರ ಇರಲಿಲ್ಲೇನು?"

"ಇದ್ರು. ದೂರ ಊರಾಗ ಇದ್ರು."

"ಅದಕ್ಕ ಹಂಗ ಬಳದಾರ, ಪಾಪ."

ಹಿಮ

ಮತ್ತೆ ಕೆರೆದೆ, ಮತ್ತೆ ಬಳಿದೆ. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ನಿಜವಾದ ಹಿಮದ ಪಕ್ಕ ಇಟ್ಟು ನೋಡದೆ ನನ್ನ ಬಿಳಿ ಸರಿಯೆಂದು ಹೇಳುವುದು ಹೇಗೆ? ನಮ್ಮ ಹಳೇ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಬರ್ಫು ಗುಡ್ಡದಂತೆ ಬೆಳೆದಿತ್ತು. ಟ್ಯಾಂಕನ್ನು ಅದರೊಳಗೆ ನುಗ್ಗಿಸಿದೆ. ಮರುದಿನ ಬಟಾಣಿ ತೆಗೆಯಲು ಹೋದ ಹೆಂಡತಿ ಕೂಗಿದಳು, "ರೀ, ಇಲ್ಲಿ ಬರ್ರಿ!"

ಬೈಗುಳಕ್ಕೆ ಸಿದ್ಧನಾಗಿಯೇ ಹೋದೆ. ಅವಳು ಬಗ್ಗಿ ನೋಡುತ್ತ ನಿಂತಿದ್ದಳು. ಟ್ಯಾಂಕಿನ ಮೇಲೆ ಸಣ್ಣಗೆ ಹಿಮ ಕೂತಿತ್ತು.

"ನೋಡ, ಯಾವುದು ನನ್ನ ಬಣ್ಣ, ಯಾವುದು ಬರ್ಫ, ಗುರ್ತ ಹತ್ತೂದಿಲ್ಲ," ಎಂದು ಎದೆಯುಬ್ಬಿಸಿದೆ.

"ಅಲ್ಲೆ ಇದಕ್ಕಿಂತ ಭಾಳ ಇರತೈತೇನ್ರಿ?"

"ಗುಡ್ಡದ ತುಂಬ ಇರತೈತಂತ."

"ಒಮ್ಮೆ ನೋಡಬೇಕಿತ್ರಿ."

ಅವಳು ಒಳಗಿನ ಕೋಣೆಗೆ ಹೋದಳು. ಅಳುತ್ತಿದ್ದಾಳೇನೋ ಎಂದು ಬಾಗಿಲಿಗೆ ಕಿವಿಯಾನಿಸಿದೆ.

ಸ್ವಲ್ಪ ಹೊತ್ತಿಗೆ ಹೊರಗೆ ಬಂದಳು. ಮೈಮೇಲೆ ಸ್ವೆಟರು, ಕಿವಿಗೆ ಮಫ್ಲರು, ಕೈಯಲ್ಲಿ ಮೊಬೈಲು. ಫ್ರಿಜ್ಜಿನ ಬರ್ಫಿನ ಖಾನೆಗೆ ಕೆನ್ನೆ ಆನಿಸಿ ನಿಂತು ಹೇಳಿದಳು:

"ಒಂದ ಫೋಟೋ ಹೊಡೀರಿ. ಕಾಶ್ಮೀರಕ್ಕ ಬಂದೀವಿ ಅಂತ ನಮ್ಮಕ್ಕಗ ಕಳಸ್ತೇನಿ. ಮೊದಲ ಆ ಬಟಾಣಿ ಚೀಲ ಅಷ್ಟ ಬಾಜೂಕ ಸರಸ್ರಿ."