ಅಗ್ಗದ ಚಿಪ್ಪಿನ ಹನ್ನೊಂದು ದೋಷ

ಹಬೆಯಲ್ಲಿ ಬೆಂದ ಒಂದು ಬನ್ನಿಗಿಂತ ಅಗ್ಗದ ಪ್ರೊಸೆಸರ್ ಚಿಪ್ಪು ಬಂದಿದೆಯೆಂಬ ಸುದ್ದಿ ಬೆಳಗ್ಗೆ ಎಂಟಕ್ಕೆ ಎಲ್ಲರ ಫೋನಿನಲ್ಲಿತ್ತು. ಎಂಟೂವರೆಗೆ ಅದರ ಮಾದರಿ ಚ್ಯು ದೆಹಾಯ್‌ನ ಮೇಜಿನ ಮೇಲಿತ್ತು. ಶೆನ್‌ಜೆನ್‌ನ ಆ ರೈಸ್ ಕುಕ್ಕರ್ ಕಾರ್ಖಾನೆಯಲ್ಲಿ ಚಿಪ್ಪು ಪರೀಕ್ಷಿಸುವವನು ಅವನೊಬ್ಬನೇ.

"'ರಿಸ್ಕ್' ಅನ್ನೋ ವಿನ್ಯಾಸದ ಜಾತೀದಂತೆ. ಚಿಪ್ಪಿಗೆ ಕೊಡೋ ಆದೇಶ ಕಮ್ಮಿ, ಓಟ ಜಾಸ್ತಿ ಅಂತೆ. ಸಂಜೆಯೊಳಗೆ ವರದಿ ಕೊಡು," ಎಂದಳು ಯಜಮಾನತಿ ಲೈ.

ಚ್ಯು ಗೋಡೆಯ ಕ್ಯಾಲೆಂಡರ್ ನೋಡಿದ. ಹೊಸ ಚಿಪ್ಪು ಒಪ್ಪಿದರೆ ಪ್ರೋಗ್ರಾಮನ್ನೆಲ್ಲ ಹೊಸದಾಗಿ ಬರೆಯಬೇಕು, ಬರೆಯುವವನೂ ಅವನೇ. ಚೀನೀ ಹೊಸ ವರ್ಷದ ವಸಂತ ಹಬ್ಬಕ್ಕೆ ಇನ್ನು ಒಂಬತ್ತೇ ದಿನ. ಎರಡು ಹಬ್ಬ ಕಾರ್ಖಾನೆಯಲ್ಲೇ ಕಳೆದವನನ್ನು ಊರಲ್ಲಿ, ಹುನಾನಿನಲ್ಲಿದ್ದ ಮಗಳು ಫೋನಿನಲ್ಲಿ 'ಮಾಮ' ಎನ್ನತೊಡಗಿದ್ದಳು.

"ಸುಮ್ನೆ ಒಪ್ಕೊಂಡ್ಬಿಡಪ್ಪಾ," ಎಂದಳು ಖರೀದಿ ವಿಭಾಗದ ಹೋ ಅಕ್ಕ, ಸೂರ್ಯಕಾಂತಿ ಬೀಜ ಕಚ್ಚುತ್ತ.

"ಪರೀಕ್ಷೆ ಮಾಡ್ದೇನಾ?"

"ಮದ್ವೆ ಆಗೋವಾಗ ಯಾರನ್ನ ಪರೀಕ್ಷೆ ಮಾಡಿದ್ದೆ?"

ಚಿಪ್ಪು ಕಂಪನಿಯ ಪ್ರಕಟಣೆಯಲ್ಲಿ ವೇಗದ ಅಂಕಿ ಕುಂಬಳಕಾಯಿಯಷ್ಟು ದಪ್ಪಗಿತ್ತು. ಎಷ್ಟು ಶಾಖದಲ್ಲಿ ಆ ವೇಗ ಎಂಬುದು ಎಲ್ಲೂ ಇರಲಿಲ್ಲ. ಚ್ಯು ಪರೀಕ್ಷೆಗೆ ಸಾಕಾಗುವಷ್ಟೇ ಪುಟ್ಟ ಪ್ರೋಗ್ರಾಮ್ ತುಂಬಿ, ಚಿಪ್ಪನ್ನು ಕುಕ್ಕರಿಗೆ ಕೂರಿಸಿ ಅಕ್ಕಿ ಹಾಕಿದ. ಶಾಖ ಎಂಬತ್ತು ಡಿಗ್ರಿ ದಾಟಿದ್ದೇ ಚಿಪ್ಪಿನ ಓಟಕ್ಕೆ ತಾಳ ಹಾಕುವ ಒಳಗಡಿಯಾರ ಅಫೀಮು ತಿಂದ ಕಾವಲುಗಾರನಂತೆ ತೂಕಡಿಸಿತು. ಮೊದಲ ಪಾತ್ರೆ ಸೀದುಹೋಯಿತು. ಎರಡನೆಯ ಸಲ ಚಿಪ್ಪು ನಡುವೆಯೇ ನಿಂತು ಅಕ್ಕಿ ಅಕ್ಕಿಯಾಗಿಯೇ ಉಳಿಯಿತು. ವಾಸನೆಗೆ ಇಡೀ ಮಹಡಿಯೇ ಬಟ್ಟಲು ಹಿಡಿದು ಬಂತು.

"ಇದೇನು, ಅನ್ನಾನಾ ಇದ್ದಿಲಾ?"

"ತಳ ಹಿಡಿದಿದ್ದೇ ರುಚಿ ಕಣೋ, ಅದನ್ನ ದೋಷ ಅಂತ ಬರೀಬೇಡ!"

ಚ್ಯು ಬರೆದ. ಒಂದಲ್ಲ, ಹನ್ನೊಂದು. ಕೊನೆಯಲ್ಲಿ 'ಖರೀದಿಗೆ ಯೋಗ್ಯವಲ್ಲ' ಎಂದು ಸಹಿ ಹಾಕಿ, ಎರಡು ವರ್ಷದಲ್ಲಿ ಮೊದಲ ಬಾರಿ ನೆಟ್ಟಗೆ ಉಸಿರಾಡಿದ.

ಸಂಜೆ ಚಹಾದ ಮೇಜಿಗೆ ಅವನಿಗೂ ಕರೆ ಬಂತು. ಚಿಪ್ಪು ಕಂಪನಿಯ ಶೆಂಗ್ ಎದುರಿಗೆ ಕೂತಿದ್ದ. ಲೈ ವರದಿಯನ್ನು ಗಟ್ಟಿಯಾಗಿ ಓದಿದಳು. ಒಂದೊಂದು ದೋಷಕ್ಕೂ ಶೆಂಗ್ ಬೆಲೆಯನ್ನು ಒಂದೊಂದು ಮೆಟ್ಟಿಲು ಇಳಿಸಿದ. ಹನ್ನೊಂದನೆಯದಕ್ಕೆ ಲೈ ಲೋಟ ಕೆಳಗಿಟ್ಟಳು.

"ಎರಡು ಲಕ್ಷ ಚಿಪ್ಪು ಕಳ್ಸಿ."

"ಮೇಡಂ, ಬೇಡ ಅಂತ ಬರ್ದಿದ್ದೀನಲ್ಲ!"

"ಅಷ್ಟು ಚೆನ್ನಾಗಿ ಬರ್ದಿದ್ದಕ್ಕೇ ಇಷ್ಟು ಇಳೀತು, ಪೆದ್ದ."

ದುಡಿಯುವವನು ಹೇಳಿದ ಸತ್ಯವನ್ನೂ ಯಜಮಾನರು ಹೀಗೆ ಸಗಟು ದರದಲ್ಲಿ ಮಾರಿಕೊಳ್ಳುತ್ತಾರೆಂದು ಚ್ಯುವಿಗೆ ಹೊಳೆಯುವಷ್ಟರಲ್ಲಿ ಶೆಂಗ್ ಅವನ ಎರಡೂ ಕೈ ಹಿಡಿದುಕೊಂಡಿದ್ದ.

"ನಮ್ಮವ್ರಿಗೇ ಗೊತ್ತಿಲ್ದ ದೋಷ ಹಿಡಿದ್ರಿ ಗುರುಗಳೇ! ಲೈ ಮೇಡಂ, ನನ್ದೊಂದೇ ಷರತ್ತು. ಈ ಹನ್ನೊಂದನ್ನೂ ಪ್ರೋಗ್ರಾಮಲ್ಲೇ ಇವ್ರೇ ಸರಿ ಮಾಡ್ಕೊಡ್ಬೇಕು. ನಮ್ಮ ಎಂಜಿನಿಯರುಗಳೆಲ್ಲ ಹಬ್ಬಕ್ಕೆ ಮಕ್ಕಳನ್ನ ನೋಡೋಕೆ ಊರಿಗೆ ಹೊರಟಿದಾರೆ, ಪಾಪ."